ದ್ರಾಸ್‌ನಿಂದ ದೆಹಲಿಗೆ: ಹುತಾತ್ಮರಿಗೆ ಗೌರವ ಸಲ್ಲುವ ಜಾಗಗಳಲ್ಲಿ ಆರು ದಿನ

ಊರ ಶಾಲೆಯ ಮೈದಾನದಲ್ಲಿ ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ, ಬಿಸಿಲಲ್ಲಿ ಸಾಲು ನಿಂತ ಜನ, ಗಾಳಿಯಲ್ಲಿ ಮೂರು ಸುತ್ತು ಗುಂಡು. ಯೋಧನೊಬ್ಬ ಮಡಿದಾಗ ಕರ್ನಾಟಕದ ಹಳ್ಳಿಗಳಲ್ಲಿ ಕಾಣುವ ಈ ದೃಶ್ಯ ಬಹಳ ಹಳೆಯದೇನಲ್ಲ. 1962, 1965, 1971ರ ಯುದ್ಧಗಳಲ್ಲಿ ಮಡಿದವರಲ್ಲಿ ಹೆಚ್ಚಿನವರ ಅಂತ್ಯಸಂಸ್ಕಾರ ಯುದ್ಧಭೂಮಿಯ ಆಸುಪಾಸಿನಲ್ಲೇ ಮುಗಿಯುತ್ತಿತ್ತು. ಮನೆಗೆ ತಲುಪುತ್ತಿದ್ದದ್ದು ಒಂದು ತಂತಿ, ಕೆಲವೊಮ್ಮೆ ಅಸ್ಥಿ, ಆಮೇಲೆ ಒಂದು ಟ್ರಂಕು. 1999ರ ಕಾರ್ಗಿಲ್ ಯುದ್ಧದಲ್ಲಿ ಪಾರ್ಥಿವ ಶರೀರಗಳನ್ನು ಮನೆಮನೆಗೆ ಕಳಿಸುವುದು ರೂಢಿಗೆ ಬಂತು. ಅಲ್ಲಿಂದಾಚೆಗೆ ಸೇನೆಯ ವಿಧಿಗೆ ಊರೂ ಸಾಕ್ಷಿಯಾಯಿತು.

ಹಾಗಾಗಿ ಈ ವಿಧಿಗಳನ್ನು ಅರಿಯಲು ಹೊರಡುವವರು ಕಾರ್ಗಿಲ್ ಯುದ್ಧ ಸ್ಮಾರಕವಿರುವ ಲಡಾಖ್‌ನ ದ್ರಾಸ್‌ನಿಂದ ಶುರುಮಾಡಿ ದೆಹಲಿಯಲ್ಲಿ ಮುಗಿಸುವುದು ಒಳ್ಳೆಯದು. ಜುಲೈ 23ಕ್ಕೆ ಶ್ರೀನಗರ ತಲುಪಿದರೆ 28ರ ಸಂಜೆ ದೆಹಲಿಯಲ್ಲಿ ಇರಬಹುದು. ನಡುವೆ 26 ಬರುತ್ತದೆ, ಕಾರ್ಗಿಲ್ ವಿಜಯ ದಿವಸ.

ಮೊದಲ ದಿನ, ಜುಲೈ 23: ಶ್ರೀನಗರ

ಬೆಂಗಳೂರಿನಿಂದ ಬೆಳಗಿನ ವಿಮಾನ ಹಿಡಿದರೆ ಮಧ್ಯಾಹ್ನ ಶ್ರೀನಗರ. ಇಳಿದ ಕೂಡಲೇ ಗೊತ್ತಾಗುವ ತೊಂದರೆ ಫೋನಿನದು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಾಗಲಿ ಲಡಾಖ್‌ನಲ್ಲಾಗಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಇರಲಿ. ಆಧಾರ್ ಕಾರ್ಡಿನ ಮೂಲಪ್ರತಿ ಮತ್ತು ಎರಡು ಜೆರಾಕ್ಸ್ ಕೈಚೀಲದಲ್ಲೇ ಇರಲಿ, ಮುಂದಿನ ಮೂರು ದಿನ ಪದೇಪದೇ ಕೇಳುತ್ತಾರೆ.

ಶ್ರೀನಗರದಲ್ಲಿ ಬಾದಾಮಿ ಬಾಗ್ ಕಂಟೋನ್ಮೆಂಟ್ ಇದೆ, ಸೇನೆಯ 15ನೇ ಕೋರ್‌ನ ಕೇಂದ್ರ. ಒಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಆದರೆ ಆ ಗೋಡೆಯ ಪಕ್ಕದ ರಸ್ತೆಯಲ್ಲಿ ಹೋಗುವಾಗ ಒಂದು ವಿಷಯ ಗೊತ್ತಿರಬೇಕು. ಕಣಿವೆಯಲ್ಲಿ ಮಡಿದ ಯೋಧನಿಗೆ ಮೊದಲ ಗೌರವ ಸಾಮಾನ್ಯವಾಗಿ ಇಲ್ಲೇ ಸಲ್ಲುತ್ತದೆ. ವೈದ್ಯಕೀಯ ಮತ್ತು ಕಾನೂನಿನ ಕೆಲಸ ಮುಗಿದ ಮೇಲೆ ಪೆಟ್ಟಿಗೆಯನ್ನು ತಂದಿಡುತ್ತಾರೆ. ಹಿರಿಯ ಅಧಿಕಾರಿಗಳು, ಜೊತೆಗಾರರು, ಪೊಲೀಸರು ಸಾಲಾಗಿ ಬಂದು ಪುಷ್ಪಚಕ್ರ ಇಡುತ್ತಾರೆ. ಆಮೇಲೆ ವಿಮಾನದಲ್ಲಿ ದೆಹಲಿ, ಅಲ್ಲಿಂದ ಆಯಾ ರಾಜ್ಯ, ಅಲ್ಲಿಂದ ಸೇನಾ ವಾಹನದಲ್ಲಿ ಊರು. ದಾರಿಯುದ್ದಕ್ಕೂ ಅವನದೇ ಯೂನಿಟ್ಟಿನವರು ಜೊತೆಗಿರುತ್ತಾರೆ. ಮನೆಯವರಿಗೆ ನಡೆದದ್ದನ್ನು ಹೇಳಬೇಕಾದವರೂ ಅವರೇ.

ಪೆಟ್ಟಿಗೆಯ ಮೇಲಿನ ಧ್ವಜಕ್ಕೆ ಕಟ್ಟುನಿಟ್ಟಿನ ನಿಯಮವಿದೆ. ಕೇಸರಿ ಪಟ್ಟಿ ತಲೆಯ ಕಡೆಗೇ ಬರಬೇಕು. ಊರಿನಲ್ಲಿ ಪೆಟ್ಟಿಗೆಯನ್ನು ವಾಹನದಿಂದ ಇಳಿಸಿ, ತಿರುಗಿಸಿ, ಮತ್ತೆ ಹೊರುವ ಗಡಿಬಿಡಿಯಲ್ಲಿ ತಲೆ ಯಾವ ಕಡೆ ಎಂಬುದೇ ಮರೆತುಹೋಗುತ್ತದೆ, ಧ್ವಜ ತಪ್ಪುವುದು ಆಗಲೇ. ಎರಡನೆಯ ನಿಯಮ ಇದಕ್ಕಿಂತ ದೊಡ್ಡದು: ಧ್ವಜವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯ ಮೇಲೆ ಸುಡುವಂತಿಲ್ಲ. ಹೂಳುವುದಿರಲಿ, ದಹನವಿರಲಿ, ಅದಕ್ಕೂ ಮೊದಲೇ ತೆಗೆಯಬೇಕು.

ತೆಗೆದ ಧ್ವಜವನ್ನು ಮಡಿಸುವ ಕ್ರಮ ಹೀಗಿದೆ. ಅಡ್ಡಲಾಗಿ ಹಿಡಿದು, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿ ಪಟ್ಟಿಯ ಕೆಳಗೆ ಮಡಚುತ್ತಾರೆ. ಆಮೇಲೆ ಬಿಳಿ ಪಟ್ಟಿಯ ಎರಡೂ ತುದಿಗಳನ್ನು ಒಳಕ್ಕೆ ಮಡಚುತ್ತ ಬಂದರೆ ಕೊನೆಗೆ ಅಶೋಕ ಚಕ್ರವೊಂದು ಮೇಲಕ್ಕೆ ಕಾಣುತ್ತದೆ, ಕೇಸರಿ ಮತ್ತು ಹಸಿರಿನ ಅಂಚು ತೆಳುವಾಗಿ ಇಣುಕುತ್ತದೆ. ಅದನ್ನು ಎರಡೂ ಅಂಗೈ ಮೇಲಿಟ್ಟು ಮನೆಯವರ ಕೈಗೆ ಕೊಡುತ್ತಾರೆ. ಇಡೀ ಅಂತ್ಯಸಂಸ್ಕಾರದಲ್ಲಿ ಅತ್ಯಂತ ಕಷ್ಟದ ನಿಮಿಷ ಅದು. ಕ್ಯಾಮೆರಾ ಹಿಡಿದವರು ಸರಿಯಾಗಿ ಆ ಹೊತ್ತಿಗೇ ಮುಂದಕ್ಕೆ ನುಗ್ಗುತ್ತಾರೆ. ಊರಿನ ಹಿರಿಯರು ಯಾರಾದರೂ ಮೊದಲೇ ಒಂದು ಹಗ್ಗ ಕಟ್ಟಿಸಿ ಹತ್ತಡಿ ಜಾಗ ಬಿಡಿಸಿಟ್ಟರೆ ಆ ಕುಟುಂಬಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಎರಡನೆಯ ದಿನ, ಜುಲೈ 24: ಜೋಜಿ ಲಾ ದಾಟಿ ದ್ರಾಸ್

ಶ್ರೀನಗರದಿಂದ ಸೋನಾಮಾರ್ಗ್ ಸುಮಾರು 80 ಕಿಲೋಮೀಟರ್, ಅಲ್ಲಿಂದ ದ್ರಾಸ್ ಇನ್ನೊಂದು 60. ನಕ್ಷೆಯಲ್ಲಿ ನೋಡಿದರೆ ಅರ್ಧ ದಿನದ ದಾರಿ. ಜುಲೈನಲ್ಲಿ ಅಮರನಾಥ ಯಾತ್ರೆ ನಡೆಯುತ್ತಿರುತ್ತದೆ, ಬಾಲ್ಟಾಲ್ ಶಿಬಿರ ಇದೇ ದಾರಿಯಲ್ಲಿದೆ. ಯಾತ್ರಿಗಳ ವಾಹನ, ಲಡಾಖ್‌ಗೆ ಸರಕು ಒಯ್ಯುವ ಲಾರಿ, ಸೇನೆಯ ಕಾನ್ವಾಯ್ ಎಲ್ಲಕ್ಕೂ ಇದೊಂದೇ ರಸ್ತೆ. ಬೆಳಗಿನ ಐದಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ದ್ರಾಸ್‌ನಲ್ಲಿರಬಹುದು. ಎಂಟಕ್ಕೆ ಹೊರಟರೆ ಕತ್ತಲಾದರೂ ಆಶ್ಚರ್ಯವಿಲ್ಲ. 2025ರ ಜನವರಿಯಲ್ಲಿ ತೆರೆದ ಸೋನಾಮಾರ್ಗ್ ಸುರಂಗದಿಂದ ಮೊದಲರ್ಧ ಹಗುರವಾಗಿದೆ. ಆದರೆ 3,528 ಮೀಟರ್ ಎತ್ತರದ ಜೋಜಿ ಲಾ ಕಣಿವೆ ದಾರಿ ಇನ್ನೂ ಹಳೆಯದೇ. ಮಳೆ ಬಂದರೆ ಗುಡ್ಡ ಕುಸಿಯುತ್ತದೆ, ಪೊಲೀಸರು ಒಂದು ಕಡೆಯ ವಾಹನಗಳನ್ನು ತಡೆದು ಇನ್ನೊಂದು ಕಡೆಯವನ್ನು ಬಿಡುತ್ತಾರೆ.

ದ್ರಾಸ್ ಸುಮಾರು 3,280 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ಮೊದಲ ದಿನ ತಲೆನೋವು, ನಿದ್ದೆ ಬಾರದಿರುವುದು ಸಹಜ. ಉಬ್ಬಸ ಅಥವಾ ತಡೆಯದ ವಾಂತಿ ಸಹಜವಲ್ಲ, ಕೂಡಲೇ ಕೆಳಗಿಳಿಯಬೇಕು. ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡುವುದು ಬೇಡ. ದ್ರಾಸ್‌ನಲ್ಲಿ ಕೋಣೆಗಳು ಕಡಿಮೆ, 25 ಮತ್ತು 26ಕ್ಕೆ ಅವೂ ಸಿಗುವುದಿಲ್ಲ. ಸುಮಾರು 60 ಕಿಲೋಮೀಟರ್ ಮುಂದಿರುವ ಕಾರ್ಗಿಲ್ ಪಟ್ಟಣದಲ್ಲಿ ಉಳಿಯುವುದು ಜಾಣತನ. ಅದು 2,700 ಮೀಟರಿಗಿಂತ ಕೆಳಗಿದೆ, ರಾತ್ರಿ ನಿದ್ದೆಯೂ ಬರುತ್ತದೆ.

ದಾರಿಯಲ್ಲೇ, ದ್ರಾಸ್ ಊರು ದಾಟಿ ಸ್ವಲ್ಪ ಮುಂದೆ ಹೆದ್ದಾರಿ ಪಕ್ಕದಲ್ಲಿ ಸ್ಮಾರಕ ಕಾಣುತ್ತದೆ. ಇವತ್ತು ಇಳಿಯುವುದು ಬೇಡ. ತಯಾರಿಯ ಗದ್ದಲವಿರುತ್ತದೆ.

ಮೂರನೆಯ ದಿನ, ಜುಲೈ 25: ಬೆಳಿಗ್ಗೆ ಬೆಟ್ಟಗಳು, ಸಂಜೆ ದೀಪಗಳು

ಬೆಳಿಗ್ಗೆ ಲಾಮೋಚೆನ್ ಎಂಬ ಜಾಗದಲ್ಲಿ ಸೇನೆ ಯುದ್ಧದ ವಿವರಣೆ ಕೊಡುತ್ತದೆ. ಎದುರಿಗೇ ಬೆಟ್ಟಗಳ ಸಾಲು. ಯಾವ ಕಂಪನಿ ಯಾವ ಏಣಿನಿಂದ ಹತ್ತಿತು, ಎಲ್ಲಿ ತಡೆಯಾಯಿತು ಎಂದು ಬೆರಳು ತೋರಿಸಿ ಹೇಳುತ್ತಾರೆ. ಆಸನಗಳು ಹುತಾತ್ಮರ ಕುಟುಂಬಗಳಿಗೆ ಮತ್ತು ಆಹ್ವಾನಿತರಿಗೆ. ಕಾರ್ಯಕ್ರಮಕ್ಕೆ ಪ್ರವೇಶ ಸಿಗದಿದ್ದರೂ ಹೆದ್ದಾರಿಯಿಂದಲೇ ಬೆಟ್ಟಗಳನ್ನು ಗುರುತಿಸಬಹುದು. ಆದರೆ ಗುರುತಿಸುವುದನ್ನು ಕಲಿತು ಹೋಗಬೇಕು, ಇಲ್ಲವಾದರೆ ಎಲ್ಲವೂ ಬರಿಯ ಕಂದು ಗುಡ್ಡ.

ಸ್ಮಾರಕದ ನೇರ ಹಿಂದೆ ನಿಂತಿರುವುದು ತೋಲೋಲಿಂಗ್. ರಸ್ತೆಯ ಮಟ್ಟದಿಂದ ಸಾವಿರ ಮೀಟರಿಗೂ ಮೇಲೆ. ಅದರ ತುದಿಯಲ್ಲಿ ಕೂತವನಿಗೆ ಹೆದ್ದಾರಿಯ ಪ್ರತಿ ಲಾರಿಯೂ ಕಾಣುತ್ತದೆ, ಕಂಡದ್ದನ್ನು ಹಿಂದಿನ ಫಿರಂಗಿಗಳಿಗೆ ಹೇಳಿದರೆ ಗುಂಡು ಬಂದು ಬೀಳುತ್ತದೆ. ಲೇಹ್‌ಗೆ ಹೋಗುವ ದಾರಿ ಉಳಿಯಬೇಕಾದರೆ ಈ ಬೆಟ್ಟ ವಾಪಸ್ ಬರಲೇಬೇಕಿತ್ತು. 18 ಗ್ರೆನೇಡಿಯರ್ಸ್ ಪಡೆ ವಾರಗಟ್ಟಲೆ ಹೋರಾಡಿ ಪ್ರಾಣಗಳನ್ನು ತೆತ್ತ ಮೇಲೆ, 1999ರ ಜೂನ್ 13ರಂದು 2 ರಜಪೂತಾನಾ ರೈಫಲ್ಸ್ ಅದನ್ನು ಗೆದ್ದಿತು. ಆ ಪಡೆಯ ಕಮಾಂಡಿಂಗ್ ಆಫೀಸರ್ ಆಗಿದ್ದವರು ಕರ್ನಾಟಕದ ಎಂ.ಬಿ. ರವೀಂದ್ರನಾಥ್, ವೀರ ಚಕ್ರ ಪಡೆದವರು, 2018ರಲ್ಲಿ ತೀರಿಕೊಂಡರು. ನಮ್ಮವರೊಬ್ಬರು ಮುನ್ನಡೆಸಿದ ಬೆಟ್ಟ ಇದು ಎಂಬುದು ಇಲ್ಲಿಗೆ ಬರುವ ಎಷ್ಟೋ ಕನ್ನಡಿಗರಿಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕು.

ಬೆಟ್ಟಗಳ ಹೆಸರಿನಲ್ಲಿರುವ ಅಂಕಿ ನಕ್ಷೆಯ ಮೇಲಿನ ಎತ್ತರ, ಮೀಟರಿನಲ್ಲಿ. ಪಾಯಿಂಟ್ 5140 ಎಂದರೆ 5,140 ಮೀಟರ್. 2022ರಲ್ಲಿ ಫಿರಂಗಿ ದಳದ ಗೌರವಕ್ಕಾಗಿ ಅದಕ್ಕೆ ಗನ್ ಹಿಲ್ ಎಂದು ಹೆಸರಿಟ್ಟರು. ಪಾಯಿಂಟ್ 4875 ಈಗ ಬಾತ್ರಾ ಟಾಪ್, ಕ್ಯಾಪ್ಟನ್ ವಿಕ್ರಮ್ ಬಾತ್ರಾ ಮಡಿದ ಜಾಗ. ಚೂಪಾಗಿ ತಲೆ ಎತ್ತಿ ನಿಂತಿರುವುದು ಟೈಗರ್ ಹಿಲ್, ಜುಲೈ 4ರಂದು ಕೈಸೇರಿದ್ದು.

ಸಂಜೆ ಸ್ಮಾರಕದಲ್ಲಿ ದೀಪ ಬೆಳಗುತ್ತಾರೆ, ಒಬ್ಬೊಬ್ಬ ಯೋಧನಿಗೆ ಒಂದೊಂದು. ಕಾರ್ಗಿಲ್ ಯುದ್ಧದಲ್ಲಿ ಮಡಿದವರ ಅಧಿಕೃತ ಸಂಖ್ಯೆ 527. ನೂರಾರು ದೀಪಗಳನ್ನು ಒಟ್ಟಿಗೆ ಹಚ್ಚಿ, ಒಟ್ಟಿಗೆ ಉಳಿಸಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ. ದ್ರಾಸ್ ಕಣಿವೆಯಲ್ಲಿ ಸೂರ್ಯ ಬೆಟ್ಟದ ಹಿಂದೆ ಸರಿದ ಕೂಡಲೇ ಗಾಳಿ ಏಳುತ್ತದೆ. ಮರೆಯಿಲ್ಲದ ಹಣತೆ ನಿಲ್ಲುವುದಿಲ್ಲ. ಕಟ್ಟೆಯ ಅಂಚಿನವು ಮೊದಲು ಆರುತ್ತವೆ. ನಮ್ಮಲ್ಲಿ ಕಾರ್ತಿಕದಲ್ಲಿ ಹಚ್ಚುವಂತೆ ತುಪ್ಪದ ದೀಪ ಇಲ್ಲಿ ಆಗದು, ಚಳಿಗೆ ತುಪ್ಪ ಗಟ್ಟಿಯಾಗಿ ಬತ್ತಿಗೆ ಏರುವುದಿಲ್ಲ. ಹಾಗಾಗಿ ಆರಿದ್ದನ್ನು ಮತ್ತೆ ಹಚ್ಚಲೆಂದೇ ಜನ ಬೇಕು. ದೀಪದ ಸಾಲನ್ನು ದೂರದಿಂದ ನೋಡುವುದಕ್ಕಿಂತ, ಬಗ್ಗಿ ಕೂತು ಎರಡೂ ಅಂಗೈಯಿಂದ ಗಾಳಿಗೆ ಮರೆ ಹಿಡಿದು ಒಂದೊಂದನ್ನೇ ಹಚ್ಚುತ್ತ ಹೋಗುವ ಯುವ ಸಿಪಾಯಿಯನ್ನು ನೋಡಿ. ಅವನ ವಯಸ್ಸು ಆ ಕಲ್ಲುಗಳ ಮೇಲಿನ ಎಷ್ಟೋ ಹೆಸರುಗಳ ವಯಸ್ಸೇ.

ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಇರಲಿ. ಹಗಲು ಬಿಸಿಲು ಚುರುಗುಟ್ಟಿದರೂ ಏಳು ಗಂಟೆಯ ಮೇಲೆ ಕೈ ಮರಗಟ್ಟುತ್ತದೆ.

ನಾಲ್ಕನೆಯ ದಿನ, ಜುಲೈ 26: ಶ್ರದ್ಧಾಂಜಲಿ

ಗಣ್ಯರ ಸಂಚಾರವಿರುವುದರಿಂದ ಹೆದ್ದಾರಿಯನ್ನು ಆಗಾಗ ನಿಲ್ಲಿಸುತ್ತಾರೆ. 2024ರಲ್ಲಿ, ಇಪ್ಪತ್ತೈದನೆಯ ವರ್ಷಕ್ಕೆ, ಪ್ರಧಾನಿಯವರೇ ಬಂದಿದ್ದರು. ಅಂಥ ವರ್ಷಗಳಲ್ಲಿ ಸಾರ್ವಜನಿಕರ ಸರದಿ ತಡವಾಗಿ ಬರುತ್ತದೆ. ಪಾಸ್ ಇಲ್ಲದವರು ಮಧ್ಯಾಹ್ನದವರೆಗೆ ಕಾಯುವ ತಯಾರಿಯಲ್ಲಿ ಹೋಗಬೇಕು. ನೀರು, ಬಿಸ್ಕತ್ತು, ಬಿಸಿಲಿಗೆ ಟೋಪಿ ಬೇಕು. ಬ್ಯಾಗು ದೊಡ್ಡದಿದ್ದಷ್ಟೂ ತಪಾಸಣೆ ತಡ.

ವಿಧಿಯ ಕ್ರಮ ತಿಳಿದಿದ್ದರೆ ದೂರದಿಂದ ನೋಡಿದರೂ ಎಲ್ಲ ಅರ್ಥವಾಗುತ್ತದೆ. ಗಾರ್ಡ್ ಬಂದು ನಿಲ್ಲುತ್ತದೆ. ಇಬ್ಬರು ಯೋಧರು ಪುಷ್ಪಚಕ್ರವನ್ನು ಎರಡು ಬದಿಯಲ್ಲಿ ಹಿಡಿದು ‘ಧೀರೇ ಚಲ್’ ನಡಿಗೆಯಲ್ಲಿ ಮುಂದೆ ಹೋಗುತ್ತಾರೆ. ಮಾಮೂಲಿ ಕವಾಯತಿನ ನಡಿಗೆ ನಿಮಿಷಕ್ಕೆ 120 ಹೆಜ್ಜೆ. ಇದು ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ನಿಧಾನ ನಡಿಗೆ ಸುಲಭ ಎಂದುಕೊಳ್ಳುವವರು ಒಮ್ಮೆ ಮನೆಯಂಗಳದಲ್ಲಿ ಪ್ರಯತ್ನಿಸಬಹುದು. ಒಂದು ಕಾಲು ಗಾಳಿಯಲ್ಲಿರುವಾಗ ಇನ್ನೊಂದು ಕಾಲಿನ ಮೇಲೆ ಇಡೀ ದೇಹ ಅಲುಗದೆ ನಿಲ್ಲಬೇಕು. ಕೈಯಲ್ಲಿ ಹೂವಿನ ಭಾರ ಬೇರೆ, ಎದುರಿನಿಂದ ಗಾಳಿ.

ಪುಷ್ಪಚಕ್ರ ಎಂದರೆ ಹಸಿರೆಲೆಯ ಸುತ್ತಿಗೆ ಹೂ ಕಟ್ಟಿ, ಅರ್ಪಿಸುವವರ ಹುದ್ದೆ ಬರೆದ ರಿಬ್ಬನ್ ಅಡ್ಡಲಾಗಿ ಹಾಕಿದ್ದು. ತಪ್ಪಾಗುವುದು ಮೂರು ಕಡೆ. ರಿಬ್ಬನ್ ತಲೆಕೆಳಗಾಗುತ್ತದೆ. ಸ್ಟ್ಯಾಂಡಿಗೆ ಸರಿಯಾಗಿ ಕೂರದೆ ಚಕ್ರ ಮುಂದಕ್ಕೆ ವಾಲುತ್ತದೆ. ಹಲವು ಚಕ್ರಗಳಿದ್ದಾಗ ಸರದಿ ತಪ್ಪಿ ಒಬ್ಬರದು ಇನ್ನೊಬ್ಬರ ಕೈಗೆ ಬರುತ್ತದೆ. ಅದಕ್ಕೇ ಮುನ್ನಾದಿನ ಪೂರ್ತಿ ತಾಲೀಮು. ಅರ್ಪಿಸುವವರು ಮುಂದೆ ಬಂದು, ಚಕ್ರವನ್ನು ಮುಟ್ಟಿ ನೆಲೆಗೊಳಿಸಿ, ಬಗ್ಗಿ ರಿಬ್ಬನ್ನಿನ ಎರಡೂ ತುದಿಗಳನ್ನು ನೇರ ಮಾಡಿ, ಹಿಂದಕ್ಕೆ ಸರಿಯುತ್ತಾರೆ. ಸಮವಸ್ತ್ರದಲ್ಲಿದ್ದವರು ಸೆಲ್ಯೂಟ್ ಮಾಡುತ್ತಾರೆ, ಉಳಿದವರು ಕೈಮುಗಿಯುತ್ತಾರೆ ಅಥವಾ ತಲೆಬಾಗುತ್ತಾರೆ. ರಿಬ್ಬನ್ ನೇರ ಮಾಡುವ ಆ ಕೆಲಸ ನೆನಪಿರಲಿ.

ಆಮೇಲೆ ‘ಶೋಕ ಶಸ್ತ್ರ’ ಎಂಬ ಆಜ್ಞೆ. ಗಾರ್ಡಿನವರು ಬಂದೂಕುಗಳನ್ನು ತಲೆಕೆಳಗು ಮಾಡಿ, ನಳಿಗೆಯ ಬಾಯಿಯನ್ನು ಎಡಗಾಲಿನ ಬೂಟಿನ ಮೇಲಿಟ್ಟು, ಎರಡೂ ಕೈಗಳನ್ನು ಹಿಡಿಕೆಯ ಮೇಲೆ ಊರಿ ತಲೆ ತಗ್ಗಿಸುತ್ತಾರೆ. ಆಯುಧ ಹಿಡಿದವನು ಆಯುಧ ಬಳಸಲಾಗದ ಸ್ಥಿತಿಗೆ ತಾನೇ ಬಂದು ನಿಲ್ಲುವುದು ಇದು.

ಆಗ ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್. ಹಿಂದೆ ಬ್ರಿಟಿಷ್ ಸೇನಾ ಶಿಬಿರಗಳಲ್ಲಿ ರಾತ್ರಿ ಕಾವಲುಠಾಣೆಗಳ ತಪಾಸಣೆ ಮುಗಿಯಿತು ಎಂದು ಸಾರುತ್ತಿದ್ದ ಕರೆ ಅದು. ದಿನ ಮುಗಿಯಿತು ಎಂಬ ಅರ್ಥವೇ ಮುಂದೆ ಬಾಳು ಮುಗಿಯಿತು ಎಂದಾಯಿತು. ಸೂರ್ಯಾಸ್ತಕ್ಕೆ ಧ್ವಜ ಇಳಿಸುವಾಗ ನುಡಿಸುವ ರಿಟ್ರೀಟ್ ಬೇರೆ ಕರೆ, ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಬ್ಯೂಗಲ್‌ಗೆ ಕೀಲಿಗಳಿಲ್ಲ. ಐದೇ ಸ್ವರ, ಅವೂ ತುಟಿಯ ಬಿಗಿ ಮತ್ತು ಉಸಿರಿನಿಂದಲೇ ಹುಟ್ಟಬೇಕು. ದ್ರಾಸ್‌ನ ಒಣಗಾಳಿಗೆ ತುಟಿ ಒಡೆಯುತ್ತದೆ, ತೆಳುಗಾಳಿಯಲ್ಲಿ ಉಸಿರು ಬೇಗ ಮುಗಿಯುತ್ತದೆ, ಲೋಹ ತಣ್ಣಗಿದ್ದರೆ ಸ್ವರ ತುಸು ಇಳಿಯುತ್ತದೆ. ಹೀಗಾಗಿ ಮೇಲಿನ ಸ್ವರವೊಂದು ಕೆಲವೊಮ್ಮೆ ಒಡೆಯುತ್ತದೆ. ಆಗ ಯಾರೂ ತಿರುಗಿ ನೋಡುವುದಿಲ್ಲ. ನುಡಿಸುವವನು ನಿಲ್ಲದೆ ಮುಂದುವರಿಯುತ್ತಾನೆ. ಒಡೆದ ಸ್ವರದಿಂದ ಗೌರವಕ್ಕೆ ಕುಂದಿಲ್ಲ, ನಿಲ್ಲಿಸಿದರೆ ಇದೆ.

ನಂತರ ಮೌನ. ಮೌನದ ಕೊನೆಗೆ ರೌಸ್ ಎಂಬ ಎಬ್ಬಿಸುವ ಕರೆ, ಗಾರ್ಡ್ ಮತ್ತೆ ‘ಸಲಾಮೀ ಶಸ್ತ್ರ’ಕ್ಕೆ, ಅಂದರೆ ಬಂದೂಕು ಎತ್ತಿಹಿಡಿದು ವಂದಿಸುವ ಸ್ಥಿತಿಗೆ, ಬರುತ್ತದೆ. ಲಾಸ್ಟ್ ಪೋಸ್ಟ್ ಮತ್ತು ರೌಸ್ ಒಂದೇ ಜೋಡಿ, ನಡುವಿನ ಮೌನ ಅವೆರಡರ ಬಾಗಿಲುಗಳ ನಡುವಿನ ಕೋಣೆಯ ಹಾಗೆ. ಮೊದಲ ಕರೆ ಮುಗಿಯುತ್ತಲೇ ಎಲ್ಲ ಮುಗಿಯಿತೆಂದು ಚಪ್ಪಾಳೆ ತಟ್ಟುವವರು, ಉದ್ವೇಗದಲ್ಲಿ ಜೈಕಾರ ಹಾಕುವವರು ಆ ಕೋಣೆಯೊಳಗೆ ನುಗ್ಗಿದಂತೆ. ಜೈಕಾರಕ್ಕೆ ಆಮೇಲೆ ಸಮಯವಿದೆ. ನಾಗರಿಕರು ನೆಟ್ಟಗೆ ನಿಂತರೆ ಸಾಕು, ಸೆಲ್ಯೂಟ್ ಹೊಡೆಯಬೇಕಿಲ್ಲ. ಮೊಬೈಲ್ ಆಫ್ ಆಗಿರಲಿ, ವೈಬ್ರೇಟ್ ಸದ್ದೂ ಆ ನಿಶ್ಶಬ್ದದಲ್ಲಿ ಕೇಳುತ್ತದೆ.

ಬಹಳ ಹೊತ್ತು ಅಲುಗದೆ ನಿಂತರೆ ರಕ್ತ ಕಾಲಿಗಿಳಿದು ತಲೆ ತಿರುಗುತ್ತದೆ. ಗಾರ್ಡಿನ ಯೋಧರು ಬೂಟಿನೊಳಗೆ ಕಾಲ್ಬೆರಳು ಆಡಿಸುತ್ತಿರುತ್ತಾರೆ, ಮಂಡಿಯನ್ನು ಪೂರ್ತಿ ಬಿಗಿಯುವುದಿಲ್ಲ. ನೋಡಲು ನಿಂತವರಿಗೂ ಇದೇ ಉಪಾಯ. ಬೆಳಿಗ್ಗೆ ಏನೂ ತಿನ್ನದೆ ಬಂದವರೇ ಮೊದಲು ಕುಸಿಯುತ್ತಾರೆ.

ಗಣ್ಯರು ಹೊರಟ ಮೇಲೆ ಕುಟುಂಬಗಳು ಗೋಡೆಯ ಬಳಿ ಬರುತ್ತವೆ. ಸೇನೆ ಹುತಾತ್ಮರ ಪತ್ನಿಯರನ್ನು ವೀರ ನಾರಿ ಎಂದು ಕರೆಯುತ್ತದೆ. 1999ರಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಐವತ್ತರ ಹತ್ತಿರ. ಅವರು ಹೆಸರಿನ ಮೇಲೆ ಬೆರಳಾಡಿಸುವಾಗ ಹಿಂದೆ ಸರಿದು ಜಾಗ ಬಿಡಬೇಕು. ಮಾತಾಡಿಸಬೇಕೆನಿಸಿದರೆ ಅವರೇ ಮಾತಾಡಿಸುತ್ತಾರೆ.

ಐದನೆಯ ದಿನ, ಜುಲೈ 27: ಖಾಲಿಯಾದ ಸ್ಮಾರಕ

ಸ್ಮಾರಕವನ್ನು ನಿಜವಾಗಿ ನೋಡುವ ದಿನ ಇದು. ದ್ವಾರದಿಂದ ಒಳಗೆ ಹೋಗುವ ದಾರಿಗೆ ವಿಜಯಪಥ ಎಂದು ಹೆಸರು, ಕೊನೆಯಲ್ಲಿ ಅಮರ ಜ್ಯೋತಿ, ಅದರ ಹಿಂದೆ ಗುಲಾಬಿ ಬಣ್ಣದ ಮರಳುಗಲ್ಲಿನ ಗೋಡೆಯಲ್ಲಿ ಹೆಸರುಗಳು. ಕ್ಯಾಪ್ಟನ್ ಮನೋಜ್ ಪಾಂಡೆಯವರ ಹೆಸರಿನ ಗ್ಯಾಲರಿಯಲ್ಲಿ ಯುದ್ಧದ ಚಿತ್ರಗಳು, ವಸ್ತುಗಳಿವೆ.

ಹೆಚ್ಚು ಹೊತ್ತು ಕಳೆಯಬೇಕಾದ್ದು ವೀರಭೂಮಿಯಲ್ಲಿ. ಸಾಲುಸಾಲು ಕಲ್ಲುಗಳು, ಒಬ್ಬೊಬ್ಬರಿಗೆ ಒಂದೊಂದು. ಇಲ್ಲಿ ಯಾರನ್ನೂ ಹೂಳಿಲ್ಲ, ಇವು ನೆನಪಿನ ಕಲ್ಲುಗಳು. ಕನ್ನಡ ನಾಡಿನವರಿಗೆ ಈ ಕಲ್ಪನೆ ಹೊಸದಲ್ಲ. ನಮ್ಮ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ತುರುಗಾಳಗದಲ್ಲಿ ಸತ್ತ ಸಾಮಾನ್ಯನಿಗೂ ಊರವರು ಕಲ್ಲು ನಿಲ್ಲಿಸಿದರು. ದ್ರಾಸ್‌ನ ಕಲ್ಲುಗಳಲ್ಲಿ ಚಿತ್ರವಿಲ್ಲ. ಕಾಳಗದ ಪಟ್ಟಿಕೆ ಬೇಕಿದ್ದರೆ ತಲೆ ಎತ್ತಿದರಾಯಿತು, ತೋಲೋಲಿಂಗ್ ಅಲ್ಲೇ ಇದೆ.

ಹನ್ನೊಂದರೊಳಗೆ ಹೊರಟುಬಿಡಬೇಕು. ಮಧ್ಯಾಹ್ನದ ಮೇಲೆ ಜೋಜಿ ಲಾದಲ್ಲಿ ಮಂಜು, ಮಳೆ, ತಡೆ ಯಾವುದೂ ಬರಬಹುದು. ರಾತ್ರಿ ಶ್ರೀನಗರ.

ಆರನೆಯ ದಿನ, ಜುಲೈ 28: ದೆಹಲಿ

ಬೆಳಗಿನ ವಿಮಾನಕ್ಕೆ ದೆಹಲಿ. ಶ್ರೀನಗರ ವಿಮಾನ ನಿಲ್ದಾಣದಲ್ಲಿ ತಪಾಸಣೆ ಹಲವು ಹಂತದ್ದು, ಮೂರು ಗಂಟೆ ಮೊದಲೇ ಹೋಗಿ.

ನಿಲ್ದಾಣದಿಂದ ಊರೊಳಗೆ ಬರುವ ದಾರಿಯಲ್ಲೇ ದೆಹಲಿ ಕಂಟೋನ್ಮೆಂಟಿನ ಬ್ರಾರ್ ಸ್ಕ್ವೇರ್. ಇಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳಿವೆ, ಪಕ್ಕದಲ್ಲೇ ಸೇನೆಯ ಚಿತಾಗಾರ. ಜನರಲ್ ಬಿಪಿನ್ ರಾವತ್ ಅವರ ಅಂತ್ಯಸಂಸ್ಕಾರ 2021ರ ಡಿಸೆಂಬರ್ 10ರಂದು ನಡೆದದ್ದು ಇಲ್ಲಿ, 17 ತೋಪುಗಳ ಗೌರವದೊಂದಿಗೆ. ನಮ್ಮ ಪತ್ರಿಕೆಗಳು ಆಗಾಗ ಮಾಡುವ ತಪ್ಪೊಂದನ್ನು ಇಲ್ಲಿ ಹೇಳಬೇಕು. ತೋಪು ಹಾರಿಸುವುದು ಫಿರಂಗಿಯಿಂದ, ಅದರ ಎಣಿಕೆ ಹುದ್ದೆಗೆ ತಕ್ಕಂತೆ. ಹಳ್ಳಿಯಲ್ಲಿ ಸಿಪಾಯಿಯ ಚಿತೆಯ ಮುಂದೆ ಕೇಳುವುದು ಬಂದೂಕಿನ ಮೂರು ಸುತ್ತು, ಗುಂಡಿಲ್ಲದ ಮದ್ದಿನದು. ಎರಡಕ್ಕೂ ‘ಕುಶಾಲತೋಪು’ ಎಂದು ಬರೆಯುತ್ತಾರೆ. ಕುಶಾಲತೋಪು ಮೈಸೂರು ದಸರೆಯದು, ಸಂಭ್ರಮದ್ದು. ಸಾವಿನ ಮನೆಯ ಮುಂದೆ ಆ ಪದ ಬೇಡ. ‘ಮೂರು ಸುತ್ತು ಗುಂಡು ಹಾರಿಸಿ ಗೌರವ’ ಎಂದರೆ ಸಾಕು.

ಅಲ್ಲಿಂದ ತೀನ್ ಮೂರ್ತಿ ಹೈಫಾ ಚೌಕ. ವೃತ್ತದ ನಡುವಿನ ಮೂರು ಕಂಚಿನ ಯೋಧರು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳ ಪ್ರತಿನಿಧಿಗಳು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನ್‌ನ ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಗೆದ್ದದ್ದು ಮೆಷಿನ್ ಗನ್ನುಗಳ ಎದುರು ಕುದುರೆ ಏರಿ, ಭರ್ಜಿ ಹಿಡಿದು. 1922ರ ಸ್ಮಾರಕ ಇದು, ಹೈಫಾ ಹೆಸರು ಸೇರಿದ್ದು 2018ರಲ್ಲಿ. ಪ್ರತಿ ಸೆಪ್ಟೆಂಬರ್ 23ರಂದು ಇಲ್ಲಿ ಪುಷ್ಪಚಕ್ರ ಅರ್ಪಣೆ ನಡೆಯುತ್ತದೆ. ಸುತ್ತ ವಾಹನಗಳ ಭರಾಟೆ, ಕಾರು ನಿಲ್ಲಿಸಲು ಬಿಡುವುದಿಲ್ಲ. ಸ್ವಲ್ಪ ದೂರದಲ್ಲಿ ಇಳಿದು ನಡೆದು ಬನ್ನಿ. ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ನಗರದ ಬಳಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ದೆಹಲಿಯವರೆಗೆ ಬಂದವರು ಊರಿಗೆ ಮರಳಿದ ಮೇಲೆ ಅಲ್ಲಿಗೂ ಒಮ್ಮೆ ಹೋಗಿಬರಲಿ.

ನಾಲ್ಕರ ಹೊತ್ತಿಗೆ ಇಂಡಿಯಾ ಗೇಟ್ ಹಿಂದಿನ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ. ಪ್ರವೇಶ ಉಚಿತ. 2019ರ ಫೆಬ್ರವರಿ 25ರಂದು ಲೋಕಾರ್ಪಣೆಯಾದ ಇದು ಸುಮಾರು 40 ಎಕರೆಯಲ್ಲಿ ಹರಡಿದೆ. ಒಂದರೊಳಗೊಂದು ನಾಲ್ಕು ವೃತ್ತಗಳು: ಹೊರಗೆ ಮರಗಳ ರಕ್ಷಕ ಚಕ್ರ, ಒಳಗೆ ತ್ಯಾಗ ಚಕ್ರ, ಆಮೇಲೆ ಆರು ಕಂಚಿನ ಭಿತ್ತಿಗಳ ವೀರತಾ ಚಕ್ರ, ನಟ್ಟನಡುವೆ ಸ್ತಂಭ ಮತ್ತು ಜ್ಯೋತಿಯಿರುವ ಅಮರ ಚಕ್ರ. 1972ರಿಂದ ಇಂಡಿಯಾ ಗೇಟ್ ಕೆಳಗೆ ಉರಿಯುತ್ತಿದ್ದ ಅಮರ್ ಜವಾನ್ ಜ್ಯೋತಿಯನ್ನು 2022ರ ಜನವರಿ 21ರಂದು ಇಲ್ಲಿನ ಜ್ಯೋತಿಯೊಂದಿಗೆ ಸೇರಿಸಿದರು.

ತ್ಯಾಗ ಚಕ್ರದ ಗೋಡೆಗಳಲ್ಲಿ ಒಬ್ಬೊಬ್ಬ ಯೋಧನಿಗೂ ಒಂದು ಗ್ರಾನೈಟ್ ಹಲಗೆ. ಉದ್ಘಾಟನೆಯ ಹೊತ್ತಿಗೇ 25,942 ಹೆಸರುಗಳಿದ್ದವು. ಊರಿನವರ ಹೆಸರು ಹುಡುಕಲು ಬರುವ ಕನ್ನಡಿಗರು ಎಡವುವುದು ಒಂದೇ ಕಡೆ, ಇನಿಷಿಯಲ್‌ನಲ್ಲಿ. ನಮ್ಮಲ್ಲಿ ಊರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ಸೇನೆಯ ದಾಖಲೆಯಲ್ಲಿ ಅವು ಬಿಡಿಸಿ ಬರೆದಿರಬಹುದು, ಹಿಂದೆ ಹೋಗಿರಬಹುದು, ಇಲ್ಲದೆಯೂ ಇರಬಹುದು. ಹೊರಡುವ ಮೊದಲೇ ಮನೆಯವರಿಂದ ದಾಖಲೆಯಲ್ಲಿರುವ ಹೆಸರು, ಸರ್ವಿಸ್ ನಂಬರ್, ರೆಜಿಮೆಂಟ್, ಮಡಿದ ವರ್ಷ ಬರೆಸಿಕೊಳ್ಳಿ. ಹುಡುಕಲು ಟಚ್‌ಸ್ಕ್ರೀನ್‌ಗಳಿವೆ. 2007ರಲ್ಲಿ ಉರಿ ವಲಯದಲ್ಲಿ ಮಡಿದ, ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಅವರಂಥ ಅಶೋಕ ಚಕ್ರ ಪುರಸ್ಕೃತರ ಹೆಸರನ್ನು ಹಲವರು ಹುಡುಕುತ್ತಾರೆ. ಪದಕವಿಲ್ಲದ ಸಿಪಾಯಿಯ ಹಲಗೆಯ ಮುಂದೆಯೂ ಯಾರಾದರೂ ನಿಲ್ಲಬೇಕು.

ಪಕ್ಕದ ಪರಮ ಯೋಧ ಸ್ಥಳದಲ್ಲಿ 21 ಪರಮವೀರ ಚಕ್ರ ಪುರಸ್ಕೃತರ ಪ್ರತಿಮೆಗಳಿವೆ. ಕಾಂಗೋದಲ್ಲಿ 1961ರ ಡಿಸೆಂಬರ್ 5ರಂದು ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಬಾಲ್ಯದಲ್ಲಿ ಸ್ವಲ್ಪ ಕಾಲ ಬೆಂಗಳೂರಿನ ಮಿಲಿಟರಿ ಶಾಲೆಯಲ್ಲಿ ಓದಿದ್ದವರು.

ಸಂಜೆ ರಿಟ್ರೀಟ್. ಸೂರ್ಯಾಸ್ತಕ್ಕೆ ಹೊಂದಿಕೊಂಡು ಸಮಯ ಬದಲಾಗುತ್ತದೆ, ಒಂದು ಗಂಟೆ ಮೊದಲೇ ಅಮರ ಚಕ್ರದ ಸುತ್ತಿನ ಮೆಟ್ಟಿಲಲ್ಲಿ ಜಾಗ ಹಿಡಿಯಿರಿ. ಧ್ವಜವನ್ನು ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಹಗ್ಗ ಬಿಡುವ ಕೈ ಮತ್ತು ಬ್ಯೂಗಲ್‌ನ ಉಸಿರು ಒಟ್ಟಿಗೆ ಮುಗಿಯಬೇಕು.

ಧ್ವಜ ಇಳಿದ ಮೇಲೂ ಎದ್ದು ಹೋಗಬೇಡಿ. ಪ್ರತಿ ಸಂಜೆ ಇಲ್ಲಿ ಒಬ್ಬ ಹುತಾತ್ಮನ ಹತ್ತಿರದ ಬಂಧು ಬಂದು ಪುಷ್ಪಚಕ್ರ ಅರ್ಪಿಸುತ್ತಾರೆ. ದ್ರಾಸ್‌ನಲ್ಲಿ ನೂರಾರು ಹೆಸರುಗಳಿಗೆ ಒಂದು ದಿನವಾದರೆ ಇಲ್ಲಿ ಒಂದು ಹೆಸರಿಗೆ ಒಂದು ಸಂಜೆ. ಅದೇ ನಿಧಾನ ನಡಿಗೆ, ಅದೇ ಬ್ಯೂಗಲ್, ಅದೇ ಮೌನ. ಈ ಇಡೀ ಪ್ರವಾಸದಲ್ಲಿ ಒಂದನ್ನೇ ನೋಡಲು ಸಾಧ್ಯ ಎಂದಾದರೆ ಇದನ್ನು ನೋಡಬೇಕು.

ಬರುವವರು ಹಳ್ಳಿಯ ವಯಸ್ಸಾದ ತಾಯಿಯಿರಬಹುದು, ಕಾಲೇಜಿಗೆ ಹೋಗುವ ಮಗಳಿರಬಹುದು. ಯೋಧರು ಎರಡು ಬದಿಯಲ್ಲಿ ಚಕ್ರ ಹಿಡಿದು ಅವರ ನಡಿಗೆಗೆ ತಮ್ಮ ನಡಿಗೆ ಹೊಂದಿಸಿಕೊಳ್ಳುತ್ತಾರೆ, ಕವಾಯತಿನ ಲೆಕ್ಕ ಆಗ ಆ ತಾಯಿಯ ಮಂಡಿನೋವಿನ ಲೆಕ್ಕ. ರಿಬ್ಬನ್ ಹೇಗೆ ನೇರ ಮಾಡಬೇಕೆಂದು ಅವರಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ತಾಯಂದಿರು ಒಮ್ಮೆ ಸರಿಮಾಡಿ ಹಿಂದೆ ಸರಿಯುವುದಿಲ್ಲ. ಬಗ್ಗಿ, ಅಂಗೈಯಿಂದ ಮತ್ತೊಮ್ಮೆ ಸವರುತ್ತಾರೆ, ಶಾಲೆಗೆ ಹೊರಟ ಹುಡುಗನ ಅಂಗಿಯ ಮುದುರು ತೆಗೆಯುವ ಹಾಗೆ. ಬ್ಯೂಗಲ್ ಹಿಡಿದವನು ಅದು ಮುಗಿಯುವವರೆಗೆ ಕಾಯುತ್ತಾನೆ.